ಮೊಬ್ಬಿನಲ್ಲಿ ಕಂಡವರು

9 ಆಗಸ್ಟ್ 2016, ಬೆಳಿಗ್ಗೆ 7

ರೇಷ್ಮೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕಿಯಾಯಿತು. ನಾಲ್ಕನೇ ಜ್ವರ ಎದ್ದಿವೆ — ಕೊನೆಯ ಸಲ ಪೊರೆ ಬಿಟ್ಟಾಯಿತು, ಇನ್ನೊಂದು ವಾರಕ್ಕೆ ಗೂಡು. ಅತ್ತೆ ಇವತ್ತೂ ಚೊಂಬು ಹಿಡಿದು ಬದುವಿನ ಕಡೆಗೇ ಹೋದರು. ಮನೆಯಲ್ಲಿ ಟಾಯ್ಲೆಟ್ ಕಟ್ಟಿಸಿ ವರ್ಷವಾಯಿತು... "ಮೊಬ್ಬಲ್ಲಿ ಒಂದ್ ಸುತ್ತು ಹೋಗ್ಬಂದ್ರೇ ನಂಗೆ ಸಮಾಧಾನ ಕಣವ್ವ."

ಮೊಬ್ಬು — ಬೆಳಗಾಗುವ ಮುಂಚಿನ ಮಬ್ಬು. ಕಾನ್ವೆಂಟಿನ ಇಂಗ್ಲಿಷಿನಲ್ಲಿ ಕಲಿತ 'ಡಾನ್' ಇದಲ್ಲ. ಅದರಲ್ಲಿ ಸೂರ್ಯನಿದ್ದಾನೆ. ಇದರಲ್ಲಿ ಯಾರೋ ಹೋಗುತ್ತಿರುವುದು ಕಾಣುತ್ತದೆ, ಮುಖ ಕಾಣುವುದಿಲ್ಲ. ಅಷ್ಟೇ ಬೆಳಕು.

11 ಆಗಸ್ಟ್

ಹುಳುಗಳೆಲ್ಲ ಸತ್ತವು. ಹಸಿರು ಕಾರಿಕೊಂಡು, ಒದ್ದಾಡಿ. ನಮ್ಮ ತೋಟದ ಸೊಪ್ಪಿಗೆ ಯಾರೋ ಔಷಧಿ ಹೊಡೆದಿದ್ದಾರೆ. ಯಾರೋ ಏನು — ಭಾವನ ಹೆಂಡತಿ ಮಾರಕ್ಕ. ಬೋರ್‌ವೆಲ್ ನೀರಿನ ಪಾಲಿಗೆ ಜಗಳ ಆದಾಗಿನಿಂದ ಕುದಿಯುತ್ತಿದ್ದಾಳೆ. ಅಥವಾ ನನಗೆ ಹಾಗೆ ನಂಬಬೇಕಾಗಿದೆಯೇ?

ಬೆನ್ನಿಗೆ ಔಷಧಿ ಪಂಪು ಹೊತ್ತ ಯಾರನ್ನೋ ಅತ್ತೆ ನಿನ್ನೆ ಮೊಬ್ಬಿನಲ್ಲಿ ಕಂಡಿದ್ದಾರೆ. ಹೆಸರು ಹೇಳುತ್ತಿಲ್ಲ.

"ಮುಖ ಕಾಣಲಿಲ್ವಾ ಅತ್ತೆ?"

"ಮುಖ ಯಾಕವ್ವ, ನಡಿಗೇಲೇ ಗೊತ್ತಾಯ್ತದೆ. ಆದ್ರೆ ಮೊಬ್ಬಲ್ಲಿ ಕಂಡೋರ್ ಹೆಸ್ರು ಹೇಳಬಾರ್ದು. ಹೆಂಗಸ್ರು ಬದುವಿನ್ ಮರೇಲಿ ಕುಂತಿರ್ತೀವಿ. ಕಂಡ್ರೂ ಕಾಣ್ದಂಗೆ ಹೋಗ್ಬೇಕು. ನಮ್ಮವ್ವನ್ ಕಾಲ್ದಿಂದ್ಲೂ ಹಂಗೇಯ."

ಮತ್ತೆ ಮತ್ತೆ ಕೇಳಿದೆ. ಎಲೆಅಡಿಕೆ ಚೀಲ ಬಿಚ್ಚಿಕೊಂಡು ಕೂತರು. ನಾನು ಸೊಸೆ. ಮಾರಕ್ಕನೂ ಸೊಸೆ.

14 ಆಗಸ್ಟ್

ಕಟ್ಟೆಯ ಮೇಲೆ ನ್ಯಾಯ. ಮಾರಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಳು. "ಇಂಗ್ಲೀಸ್ ಓದಿರೋ ಮೇಡಮ್ಮೋರು! ಹುಳ ಮೇಯ್ಸಕ್ ಬರ್ದೆ ಸಾಯಿಸ್ಬುಟ್ಟು ನನ್ ತಲೆಗ್ ಕಟ್ತಾವ್ಳೆ."

ಊರಿನ ಹಿರಿಯ ನರಸಯ್ಯ ಅತ್ತೆಯ ಕಡೆ ತಿರುಗಿದರು. "ಸಿದ್ದಮ್ಮ, ಯಾರ್ನ ಕಂಡೆ? ಹೇಳ್ಬುಡು."

ಅತ್ತೆ ಎಲೆಅಡಿಕೆ ಉಗಿದು ಬಂದರು. "ಮೊಬ್ಬಲ್ಲಿ ಕಂಡಿದ್ನ ಹೇಳಕ್ ಸುರು ಮಾಡುದ್ರೆ ನಿನ್ನಿಂದ್ಲೇ ಸುರು ಮಾಡ್ಬೇಕಾಯ್ತದೆ, ನರಸಯ್ಯ. ಮಾಡ್ಲಾ?"

ಯಾರೋ ಕೆಮ್ಮಿದರು. ಆಮೇಲೆ ಕಟ್ಟೆಯೆಲ್ಲ ನಗು — ಮಾರಕ್ಕನದು ಎಲ್ಲರಿಗಿಂತ ಜೋರು. ನ್ಯಾಯ ಅಲ್ಲಿಗೇ ಮುಗಿಯಿತು.

ಅತ್ತೆಯ ಜೊತೆ ಮಾತು ಬಿಟ್ಟಿದ್ದೇನೆ.

27 ಆಗಸ್ಟ್, ಬೆಳಿಗ್ಗೆ 6.30

ಮಾರಕ್ಕನ ಹುಳುಗಳು ನಾಲ್ಕನೇ ಜ್ವರ ಎದ್ದಿವೆಯಂತೆ. ಕುದೂರಿನ ಅಂಗಡಿಯಿಂದ ಔಷಧಿ ತಂದಿಟ್ಟಿದ್ದೆ. ಮೊಬ್ಬಿಗೇ ಎದ್ದು, ಪಂಪು ಬೆನ್ನಿಗೇರಿಸಿ, ಅವಳ ತೋಟಕ್ಕೆ ಹೋದೆ. ನಾನಾ? ನಾನೇ.

ಪಂಪಿನ ಹಿಡಿಗೆ ಕೈ ಹಾಕಿದೆ. ಬದುವಿನ ಆ ತುದಿಯಲ್ಲಿ ಅತ್ತೆ, ಚೊಂಬು. ನಿಂತು ನೋಡಿದರು. ನನ್ನ ನಡಿಗೆ ಅವರಿಗೆ ಗೊತ್ತಿಲ್ಲವೇ? ಕೂಗಲಿ, ಬೈಯಲಿ ಎಂದು ಕಾದೆ. ಮುಖ ತಿರುಗಿಸಿಕೊಂಡು ಹೊರಟುಹೋದರು.

ಹಿಡಿ ಬಿಟ್ಟೆ. ಹೊಡೆಯದೆ ವಾಪಸು ಬಂದೆ. ಅತ್ತೆ ಕಾಫಿ ತಂದು ಮುಂದಿಟ್ಟರು. ಎಂದಿನಂತೆ ಚೊಂಬು ತೊಳೆದಿಟ್ಟರು.

ಪಂಪು ಹಿತ್ತಿಲಲ್ಲಿದೆ. ಔಷಧಿ ಚೆಲ್ಲಿಲ್ಲ. ನಾಳೆಯೂ ಮೊಬ್ಬು ಆಗುತ್ತದೆ, ಅತ್ತೆ ನಾಳೆಯೂ ಬದುವಿನ ಕಡೆ ಬರುತ್ತಾರೆ, ಕಂಡರೂ ಕಾಣದಂತೆ —