ಸುಬ್ಬರಾಮಯ್ಯನ ಅಂಗಳದ ಕಾಂಕ್ರೀಟು

9 ಫೆಬ್ರವರಿ 1998, ಸೋಮವಾರ

ಇವತ್ತೂ ಮರಳು ಜರಡಿ ಹಿಡಿದದ್ದೇ. ಮೂಗಿನ ತುಂಬ ಧೂಳು. ಬೇಲೂರಿನವರಿಗೆ ಈಗ ಒಂದೇ ಹುಚ್ಚು — ಮನೆ ಮುಂದೆ ಮಣ್ಣು ಕಾಣಬಾರದು. ಈ ಸುಬ್ಬರಾಮಯ್ಯ ರಿಟೈರ್ಡ್ ಹೆಡ್ ಕ್ಲಾರ್ಕು. ಕ್ಯಾಲೆಂಡರಿನಿಂದ ಚಿತ್ರ ಕತ್ತರಿಸಿಟ್ಟುಕೊಂಡಿದ್ದಾನೆ. ಯಾವುದೋ ದೇಶದ ಬಂಗಲೆ, ಹುಲ್ಲು, ಹುಲ್ಲಿನ ಸುತ್ತ ಬಳುಕುವ ಕಾಂಕ್ರೀಟ್ ಬಾರ್ಡರು. ಅದೇ ಬಾರ್ಡರು ಬೇಕಂತೆ, ಹುಲ್ಲಿನ ಜಾಗಕ್ಕೂ ಕಾಂಕ್ರೀಟಂತೆ. ಇವನ ಅಂಗಳದಲ್ಲಿ ಎರಡು ಎಮ್ಮೆ ಕಟ್ಟಿದರೆ ಮೂರನೆಯದು ರಸ್ತೆಯಲ್ಲಿ ನಿಲ್ಲಬೇಕು.

ನಮ್ಮ ಮೇಸ್ತ್ರಿ ಗಿಡ್ಡಪ್ಪನಿಗೆ ಮಂಡಿ ಹೋಗಿದೆ. ಕೂತರೆ ಏಳಲು ಆಗುವುದಿಲ್ಲ. ಊಟದ ಹೊತ್ತಿಗೆ ಕರೆದ.

"ಈ ಅಂಗಳ ನೀನೇ ಮಾಡ್ಲಾ. ಚೆಂದಾಗ್ ಬಂದ್ರೆ ಯುಗಾದಿಯಿಂದ ಕರಣೆ ನಿಂದು. ಕೆಟ್ರೆ ಸಾಯೋಗಂಟ ಬಾಂಡ್ಲಿ ಹೊತ್ಕಂಡಿರು."

ಕರಣೆ ಹಿಡಿದು ಸಾರಿಸುವವನು ಗಾರೆಯವನು, ಬಾಂಡ್ಲಿಯಲ್ಲಿ ಗಾರೆ ಹೊರುವವನು ಕೂಲಿ. ಮೂರು ವರ್ಷ ಕಲಸಿ ಹೊತ್ತಿದ್ದು ಈ ಮಾತಿಗೇ. ಖುಷಿ ತೋರಿಸಲಿಲ್ಲ. ತೋರಿಸಿದರೆ ತಲೆ ಮೇಲೆ ಕೂರುತ್ತಾನೆ.

ಮನೆಯಲ್ಲಿ ಹೇಳಿದೆ. ಅಪ್ಪನಿಗೆ ಮಗ ಅಂದರೆ ಆಫೀಸು, ಸಂಬಳ, ಇಸ್ತ್ರಿ ಶರ್ಟು. ಒಂಬತ್ತನೇ ಕ್ಲಾಸಿಗೇ ಬಿಟ್ಟ ಮಗನನ್ನು ನೆಂಟರಿಗೆ ತೋರಿಸುವುದಿಲ್ಲ. ಸಿದ್ಧಾರ್ಥ ಅಂತ ಹೆಸರಿಟ್ಟುಕೊಂಡು ಗಾರೆ ಕೆಲಸ ಅಂದ. ಹೆಸರು ನಾನೇನು ಕೇಳಿರಲಿಲ್ಲ.

11, ಬುಧವಾರ

ತಗಡು ಬಗ್ಗಿಸಿ, ಗೂಟ ಹೊಡೆದು, ನಿನ್ನೆ ತುಂಬಿದ್ದ ಬಾರ್ಡರು. ಇವತ್ತು ತಗಡು ಬಿಚ್ಚಿದೆ. ಒಂದು ತೂತಿಲ್ಲ. ಸುಬ್ಬರಾಮಯ್ಯ ಚಿತ್ರ ಪಕ್ಕದಲ್ಲಿ ಹಿಡಿದು ನೋಡಿ, ಬಳುಕು ಸಾಲದು ಅಂದ. ಅಂಗಳವೇ ಸಾಲದು ಅಂತ ಯಾರು ಹೇಳಬೇಕು.

ಅವನ ಹೆಂಡತಿ ಕೋಮಲವಲ್ಲಿ — ಬಾಗಿಲ ಮುಂದೆಲ್ಲ ಸಿಮೆಂಟಾದರೆ ಸಾರಿಸುವುದು ಎಲ್ಲಿ, ರಂಗೋಲಿ ಎಲ್ಲಿ ಅಂತ ಕೇಳಿದರು. ಗಂಡ ಚಿತ್ರ ಮಡಚಿ ಜೇಬಿಗಿಟ್ಟ. ನಾನು ಗೂಟ ಕೀಳುತ್ತಿದ್ದೆ.

ಮೇಸ್ತ್ರಿಗೆ ಮನೆಯ ಲೋಟದಲ್ಲಿ ಕಾಫಿ. ನನಗೆ ಬೇರೆ ಲೋಟ, ಕಾಂಪೌಂಡ್ ಗೋಡೆ ಮೇಲೆ. ಮನೆಯವರೆಲ್ಲ ಓದಿದ್ದಾರೆ. ಲೋಟ ಓದಿಲ್ಲ.

14, ಶನಿವಾರ. ಸಂಜೆ 6

ಅಂಗಳ ಮುಗಿಯಿತು. ಬಾಗಿಲಿಂದ ಗೇಟಿನವರೆಗೆ, ನೀರು ರಸ್ತೆ ಕಡೆ ಓಡುವ ಹಾಗೆ ಇಳಿಜಾರು. ಕರಣೆಯಿಂದ ಉಜ್ಜಿ ಉಜ್ಜಿ... ಮುಖ ಕಾಣುತ್ತಿತ್ತು. ಮೇಸ್ತ್ರಿ ಬೀಡಿ ಕೊಟ್ಟ. ಅದೇ ಸರ್ಟಿಫಿಕೇಟು.

ಸುಬ್ಬರಾಮಯ್ಯನಿಗೆ ಎರಡು ಸಲ ಹೇಳಿದೆ. ನಾಳೆ ಹತ್ತು ಗಂಟೆವರೆಗೆ ತುಳಿಯಬೇಡಿ, ನೀರು ಮುಟ್ಟಿಸಬೇಡಿ. ಆಮೇಲೆ ನಾನೇ ಬಂದು ಗೋಣಿಚೀಲ ಹಾಸಿ ನೀರು ಹೊಡೀತೀನಿ, ಆಗ ಗಟ್ಟಿಯಾಗುತ್ತೆ. ಪೇಪರಿನಿಂದ ತಲೆ ಎತ್ತದೆ ಹೂಂ ಅಂದ.

15, ಭಾನುವಾರ

ಹೋದೆ. ಜಲ್ಲಿ ಹಲ್ಲು ಕಿರಿಯುತ್ತಿದೆ. ರಾತ್ರಿ ಚಳಿಗೆ ಬಿಗಿಯದೆ ಉಳಿದಿದ್ದ ಮೇಲಿನ ಸಿಮೆಂಟೆಲ್ಲ ತೊಳೆದು ಚರಂಡಿಗೆ. ಉಳಿದದ್ದಕ್ಕೆ ಸಗಣಿ ಹಸಿರು. ಕಡ್ಡಿಪೊರಕೆಯ ಗೀರು. ಅದರ ಮೇಲೆ — ರಂಗೋಲಿ!

ಅವನ ಹೆಂಡತಿ, ಆಯಮ್ಮ, ಬೆಳಿಗ್ಗೆ ಐದಕ್ಕೆ ಎದ್ದು ದಿನದಂತೆ ಸಗಣಿ ನೀರು ಚೆಲ್ಲಿ ಗುಡಿಸಿದ್ದಾರೆ. ಸುಬ್ಬರಾಮಯ್ಯನಿಗೆ ಅದು ತಪ್ಪಾಗಿ ಕಾಣಲೇ ಇಲ್ಲ. ಸಿಮೆಂಟಿಗೆ ನೀರು ಒಳ್ಳೆಯದಂತೆ, ಒಳ್ಳೆ ಕೆಲಸ ಒಂದು ಬಕೆಟ್ ನೀರಿಗೆ ಎದ್ದು ಹೋಗುವುದಿಲ್ಲವಂತೆ. ನಾನು ಹೇಳಿದ್ದು? ಯಾರೂ ಏನೂ ಹೇಳಿಯೇ ಇಲ್ಲವಂತೆ. ಆಮೇಲೆ ಅಕ್ಕಪಕ್ಕದವರೆಲ್ಲ ನಿಂತಿರುವಾಗ ಕೇಳಿದ,

"ಎಷ್ಟು ಚೀಲ ಹಾಕಿದ್ಯಪ್ಪ, ಎಷ್ಟು ಚೀಲ ಮನೆಗೆ ಹೊತ್ಕೊಂಡು ಹೋದೆ?"

ನಾನು ಚೀಲ ಬಿಚ್ಚಿದ್ದೆಲ್ಲ ಮೇಸ್ತ್ರಿ ಎದುರಿಗೇ. ಮೇಸ್ತ್ರಿ ನೆಲ ನೋಡಿದ. ಅವನಿಗೆ ಈ ಬೀದಿಯಲ್ಲಿ ಇನ್ನೆರಡು ಮನೆ ಕೆಲಸ ಸಿಗಬೇಕು. ಒಡೆದು ತೆಗಿ, ಮತ್ತೆ ನಾನೇ ಹಾಕ್ತೀನಿ, ನೀನು ಬಾಂಡ್ಲಿ ಹಿಡಿ ಅಂದ. ಆಯಮ್ಮ ಬಾಗಿಲ ಹಿಂದೆ ಬರೀ ಸೀರೆ ಅಂಚಾಗಿ ನಿಂತಿದ್ದರು.



21, ಶನಿವಾರ

ಬರೆಯುವ ಹಾಗೆ ಕೈ ಇರಲಿಲ್ಲ. ಐದು ದಿನ ಉಳಿ, ಸುತ್ತಿಗೆ. ಬೊಬ್ಬೆ ಒಡೆದು ರಕ್ತ. ನಾನು ಹಾಕಿದ್ದು ಕೆಳಗೆ ಎಷ್ಟು ಗಟ್ಟಿ ಇತ್ತು ಅಂತ ನನಗೊಬ್ಬನಿಗೇ ಗೊತ್ತು.

ಮಧ್ಯಾಹ್ನ ಗಂಡ ಮಲಗಿದ್ದಾಗ ಆಯಮ್ಮ ಹೊರಗೆ ಬಂದರು.

"ಅವತ್ತು ಅವರನ್ನ ಕೇಳೇ ಹಾಕಿದ್ದು ಕಣಪ್ಪ. ನೀರು ಹಾಕ್ಲಾ ಅಂದೆ. ನಿದ್ದೆಗಣ್ಣಲ್ಲೇ ಮಗ್ಗುಲಾಗಿ, ಹಾಕು ಅಂದ್ರು."

"ಮೇಸ್ತ್ರಿ ಮುಂದೆ ಯೋಳಿ ಈ ಮಾತ."

"ಅವರ ಮಾತಿಗೆ ಎದುರಾಡಿ ನನಗೆ ಅಭ್ಯಾಸ ಇಲ್ಲ."

"ಹಂಗಾರೆ ನನ್ ತಾವ ಯಾಕ್ ಯೋಳ್ತೀರಿ?"

ಒಳಗೆ ಹೋದರು. ಹೋಗಲಿ. ನಾನೂ ಅವತ್ತು ಗಂಡಸಿಗೆ ಹೇಳಿದರೆ ಮನೆಗೆ ಹೇಳಿದಂತೆ ಅಂದುಕೊಂಡೆನಲ್ಲ. ಪೊರಕೆ ಹಿಡಿಯುವವರಿಗೆ ಹೇಳಬೇಕಿತ್ತು. ಬೆಪ್ಪು ನನ್ಮಗ ನಾನು.

24, ಮಂಗಳವಾರ

ಇವತ್ತು ಮತ್ತೆ ಹಾಕಿದೆವು. ಮೇಸ್ತ್ರಿ ಕರಣೆ, ನಾನು ಬಾಂಡ್ಲಿ. ಗೇಟಿನಿಂದ ಅರ್ಧ ಬರುವಷ್ಟರಲ್ಲಿ ಅವನ ಮಂಡಿ ಹಿಡಿಯಿತು. ಎರಡು ಸಲ ಎತ್ತಿ ನಿಲ್ಲಿಸಿದೆ. ಸುಬ್ಬರಾಮಯ್ಯ ಜಗಲಿ ಮೇಲೆ ನಿಂತು, ಅನುಭವಸ್ಥರ ಕೈ ಅಂದರೆ ಇದು ಅಂತ ಭಾಷಣ.

ಆಯಮ್ಮ ಹೊಸಿಲಿಗೆ ಬಂದರು. ದನಿ ಎತ್ತಲಿಲ್ಲ. ಎಲ್ಲರಿಗೂ ಕೇಳಿಸಿತು.

"ರೀ, ನಾಳೆ ಬೆಳಿಗ್ಗೆ ಇದಕ್ಕೆ ನೀರು ಹಾಕ್ಲಾ? ಹೋದ ಸಲ ಕೇಳಿದಾಗ ಹಾಕು ಅಂದ್ರಿ. ಈ ಸಲ ಏನು ಮಾಡ್ಲಿ?"

ಸುಬ್ಬರಾಮಯ್ಯ ಕನ್ನಡಕ ತೆಗೆದು ಒರೆಸಿದ. ಗಿಡ್ಡಪ್ಪ ಅವನನ್ನು ನೋಡಿದ, ನನ್ನನ್ನು ನೋಡಿದ, ಕರಣೆ ಚಾಚಿದ.

"ಹಿಡ್ಕಳ್ಲಾ. ಬಿಗೀತಾ ಐತೆ."

ಬಾಂಡ್ಲಿ ಕೆಳಗಿಟ್ಟೆ. ಕರಣೆ ಮುಟ್ಟಲಿಲ್ಲ. ನನ್ನನ್ನು ಕಳ್ಳ ಅಂದವರು ಅಲ್ಲ ಅಂತ ಹೇಳಲಿ, ಆಮೇಲೆ ಅಂದೆ. ಬಿಸಿಲಿಗೆ ಅಂಚು ಬಿಳಚಿಕೊಳ್ಳುತ್ತಿತ್ತು. ಇನ್ನು ಕಾಲು ಗಂಟೆ ಕಳೆದರೆ ಯಾರ ಕರಣೆಯೂ ಓಡುವುದಿಲ್ಲ. ಅದು ಮೇಸ್ತ್ರಿಗೂ ಗೊತ್ತು. ಹೇಳಿಬಿಡಿ ಸ್ವಾಮಿ, ಕೆಲಸ ಕೆಡುತ್ತೆ ಅಂತ ಹೆಡ್ ಕ್ಲಾರ್ಕಿಗೆ ಮೇಸ್ತ್ರಿಯೇ ಹೇಳಿದ.

"ಆಯ್ತಪ್ಪ, ನೀನು ಕದ್ದಿಲ್ಲ," ಅಂದ ಸುಬ್ಬರಾಮಯ್ಯ. ಗೋಡೆಗೆ.

ಮೇಸ್ತ್ರಿಗೆ ಹೇಳಿ ಅಂದೆ. ಮೇಸ್ತ್ರಿ ಕಡೆ ತಿರುಗಿ ಮತ್ತೆ ಹೇಳಿದ. ಹರಳೆಣ್ಣೆ ಕುಡಿದ ಮುಖ.

ಕರಣೆ ತಗೊಂಡೆ. ಇವರ ಮೇಲಿನ ಪ್ರೀತಿಗಲ್ಲ. ಕಾಂಕ್ರೀಟು ಯಾರಿಗೇನು ಮಾಡಿತ್ತು. ಅರ್ಧ ಬಿಗಿದಿತ್ತು. ಬಾಗಿಲ ಕಡೆಯಿಂದ ಒತ್ತಿ ಎಳೆದೆ. ಮೈ ಭಾರವೆಲ್ಲ ಬಿಟ್ಟು ಎಳೆದೆ. ನೀರು ಬೇಕು ಅಂತ ಕೈ ಹಿಂದಕ್ಕೆ ಚಾಚಿದರೆ, ಪಕ್ಕದಲ್ಲಿ ಮಗ್ಗು ಹಿಡಿದುಕೊಂಡು ಗಿಡ್ಡಪ್ಪ ಮೇಸ್ತ್ರಿ, ಆ ಮಂಡಿಯಲ್ಲಿ, ಬಗ್ಗಿ ನಿಂತಿದ್ದ.