ವಾಪಸ್ ಬಂದದ್ದು ಮೊಳೆಗೆ

ಅಂಗಡಿಯಿಂದ, ಕತ್ತರಿಸುವ ಮೇಜಿನ ಮೇಲಿಂದ
ಮಂಗಳವಾರ, ಮಾರ್ಚ್ ೧೧, ಮಧ್ಯಾಹ್ನ

ಪ್ರೀತಿಯ ಅತ್ತೆ,

ಮಂಡಿ ಹೇಗಿದೆ? ಎಡಗಡೆಯದ್ದನ್ನು ಕೇಳುತ್ತಿದ್ದೇನೆ, ಬಲಗಡೆಯದ್ದು ಮೊದಲಿನಿಂದಲೂ ಮರ್ಯಾದಸ್ಥ. ಆಪರೇಷನ್ ಹೊಲಿಗೆಯ ಜಾಗದಲ್ಲಿ ಇನ್ನೂ ಕಡಿತ ಇದೆಯೇ? ಡಾಕ್ಟರು ಹೇಳಿದ ವ್ಯಾಯಾಮ ದಿನಾ ಮಾಡುತ್ತಿದ್ದೀರೆಂದು ನಾದಿನಿ ಫೋನಿನಲ್ಲಿ ಹೇಳಿದಳು. ಹೇಳುವಾಗ ಎರಡು ಸಲ ಕೆಮ್ಮಿದಳು. ನಿಮ್ಮ ಮಗಳು ಸುಳ್ಳು ಹೇಳುವಾಗ ಕೆಮ್ಮುತ್ತಾಳೆ ಎಂದು ನನಗೆ ಹೇಳಿಕೊಟ್ಟವರು ನೀವೇ. ನಾನು ಯಾವಾಗ ಫೋನ್ ಮಾಡಿದರೂ ನೀವು ನಿದ್ದೆಯಲ್ಲಿರುತ್ತೀರಿ, ಬೆಳಿಗ್ಗೆ ಹನ್ನೊಂದಕ್ಕೂ, ಸಂಜೆ ಐದಕ್ಕೂ. ಅದಕ್ಕೇ ಈ ಪತ್ರ. ಪತ್ರದ ಮುಂದೆ ಮಲಗಿದ ಹಾಗೆ ನಟಿಸಲು ಬರುವುದಿಲ್ಲ.

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಮಗ ಬ್ರೆಡ್ಡಿನ ವ್ಯಾನ್ ಓಡಿಸಿ ಓಡಿಸಿ ತಾವೇ ಸ್ವಲ್ಪ ಉಬ್ಬಿದ್ದಾರೆ. ಪ್ಯಾಂಟಿನ ಸೊಂಟ ಒಂದು ಇಂಚು ಬಿಟ್ಟುಕೊಟ್ಟೆ, ಒಳಗೆ ಇನ್ನು ಬಿಡಲು ಬಟ್ಟೆ ಉಳಿದಿಲ್ಲ, ಹೇಳಿಬಿಡಿ. ನಿಮ್ಮ ಮಿಷನ್ನಿಗೆ ವಾರಕ್ಕೊಮ್ಮೆ ಎಣ್ಣೆ ಬಿಡುತ್ತೇನೆ, ಹತ್ತು ನಿಮಿಷ ಖಾಲಿ ತುಳಿಯುತ್ತೇನೆ. ಎದುರಿನ ಕ್ಷೌರದಂಗಡಿಯವರು ಆ ಸದ್ದು ಕೇಳಿ, “ಅಮ್ಮ ಬಂದ್ರಾ?” ಅಂತ ಬಾಗಿಲಿಗೆ ಬಂದು ಇಣುಕಿ ಹೋಗುತ್ತಾರೆ. ಕೆಲಸದ ವಿಷಯ ಮುಚ್ಚಿಡುವುದಿಲ್ಲ. ಮೂಲೆಯ ರೆಡಿಮೇಡ್ ಅಂಗಡಿ ದೊಡ್ಡದಾದ ಮೇಲೆ ನಮಗೆ ಉಳಿದದ್ದು ಜಿಪ್ ಬದಲಿಸುವುದು, ಅಂಚು ಮಡಿಸುವುದು. ಮಧ್ಯಾಹ್ನದ ಮೇಲೆ ನನ್ನ ಮಿಷನ್ನೂ ಬಾಯಿ ಮುಚ್ಚುತ್ತದೆ. ವರ್ಷದ ಕೊನೆಯೊಳಗೆ ಹೊಸ ಕೆಲಸ ಹಿಡಿಯದಿದ್ದರೆ ಈ ಕೋಣೆ ಬಿಟ್ಟುಕೊಡಬೇಕಾಗುತ್ತದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು, ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಈಗ ನನ್ನ ಸುದ್ದಿ. ನೀವೇ ಅಲ್ಲವೇ, “ಬೀರುವಿನಲ್ಲಿ ಇಪ್ಪತ್ತೈದು ವರ್ಷದಿಂದ ಮಲಗಿರೋ ಡಿಗ್ರೀನ ಎಬ್ಬಿಸೇ” ಅಂತ ನನ್ನನ್ನು ಸಂಜೆ ಕಾಲೇಜಿನ ವ್ಯಾಪಾರದ ಕೋರ್ಸಿಗೆ ತಳ್ಳಿದ್ದು? ಎಬ್ಬಿಸಿದೆ. ಎದ್ದು ಕೂತು ನನ್ನನ್ನೇ ಕುಣಿಸುತ್ತಿದೆ. ಆ ಕಾಲೇಜಿನಲ್ಲಿ ವಿದ್ಯಾರ್ಥಿ ಉದ್ಯಮಿಗಳ ಸಂಘ ಅಂತ ಒಂದಿದೆ. ಸದಸ್ಯರೆಲ್ಲ ಇಪ್ಪತ್ತು, ಇಪ್ಪತ್ತೊಂದರ ಮಕ್ಕಳು. ಸೆಕೆಯಲ್ಲೂ ನೀಲಿ ಕೋಟು. ವರ್ಷಕ್ಕೊಮ್ಮೆ ಅವರು ಪ್ರದರ್ಶನ ಇಡುತ್ತಾರೆ, ಆಸ್ಪತ್ರೆಗಳಿಗೆ ಬಟ್ಟೆಬರೆ ಕೊಳ್ಳುವವರು ಬಂದು ನೋಡುತ್ತಾರೆ. ಅಲ್ಲಿ ಮೇಜು ಸಿಗುವುದು ಸದಸ್ಯರಿಗೆ ಮಾತ್ರ. ನನ್ನ ಮೇಜಿನ ಮೇಲೆ ಏನಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ, ನಿಮ್ಮ ಆ ಪೈಜಾಮವೇ. ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿದ ಕಾಲಿನ ಮೇಲೆ ಪೈಜಾಮ ಎಳೆಯಲು ಇಬ್ಬರು ನರ್ಸ್‌ಗಳು ಬೇಕಾದಾಗ ನೀವು ಗೋಡೆಯ ಕಡೆ ಮುಖ ತಿರುಗಿಸಿಕೊಂಡಿರಲ್ಲ, ಆ ಸಂಜೆಯೇ ಮನೆಗೆ ಬಂದು ಎರಡೂ ಬದಿ ಬಿಚ್ಚಿ, ಸೊಂಟದಿಂದ ಪಾದದವರೆಗೆ ಒತ್ತಿದರೆ ಕೂಡುವ ಟಿಚ್ ಬಟನ್ ಕೂರಿಸಿದೆ. ಮರುದಿನ ನೀವೊಬ್ಬರೇ ಮಲಗಿದಲ್ಲೇ ತೊಟ್ಟುಕೊಂಡಿರಿ. ಇದು ಎಲ್ಲಿ ಸಿಗುತ್ತದೆ ಎಂದು ನರ್ಸು ಕೇಳಿದಾಗ ನೀವು ಹೇಳಿದ್ದು: “ಎಲ್ಲೂ ಸಿಗಲ್ಲ. ನನ್ನ ಸೊಸೆ ಹೊಲೀತಾಳೆ.” ಇಪ್ಪತ್ತೆರಡು ವರ್ಷದಲ್ಲಿ ನನ್ನನ್ನು ಹೊಗಳಿದ್ದು ಅದೊಂದೇ ಸಲ, ಅದೂ ಅರಿವಳಿಕೆ ಪೂರ್ತಿ ಇಳಿದಿರಲಿಲ್ಲ.

ಅರ್ಜಿ ಹಾಕಿದೆ. ಸಂದರ್ಶನಕ್ಕೆ ಕರೆದರು. ಉದ್ದನೆಯ ಮೇಜು, ಮೂರು ನೀಲಿ ಕೋಟು. ನಡುವೆ ಗಡ್ಡದ ಅಧ್ಯಕ್ಷ, ಪಕ್ಕದಲ್ಲಿ ಕೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಕಾರ್ಯದರ್ಶಿ ಹುಡುಗಿ. ಮೂರನೆಯವನು ಬಾಯಿ ಬಿಡಲಿಲ್ಲ, ಗಡಿಯಾರ ನೋಡುವುದೇ ಅವನ ಹುದ್ದೆ ಇರಬೇಕು. ಅಧ್ಯಕ್ಷ ಒಂದು ಪೆನ್ನು ಕೊಟ್ಟು, “ಆಂಟಿ, ಐದು ನಿಮಿಷ ಟೈಮ್, ಇದನ್ನ ನಂಗೆ ಮಾರಿ” ಅಂದ. ನಾನು ನಿಮ್ಮ ಕೈಯಲ್ಲಿ ಪಳಗಿದವಳು, ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಇಡುವವಳಲ್ಲ. ಯಾವ ಕೈಯಲ್ಲಿ ಬರೀತೀಯಪ್ಪ, ದಿನಕ್ಕೆ ಎಷ್ಟು ಬರೀತೀಯ, ಜೇಬು ಎಷ್ಟು ಆಳ, ಈಗಿರೋ ಪೆನ್ನಿಗೇನಾಗಿದೆ ಎಂದು ಕೇಳುತ್ತಾ ಹೋದೆ. ಅವನು ಬರೆಯುವುದೇ ಇಲ್ಲವಂತೆ, ಎಲ್ಲ ಫೋನಿನಲ್ಲಿ ಕುಟ್ಟುತ್ತಾನಂತೆ. “ಹಾಗಾದ್ರೆ ನಿಂಗೆ ಪೆನ್ನು ಬೇಡ ಬಿಡಪ್ಪ” ಅಂತ ವಾಪಸ್ ಕೊಟ್ಟೆ. ಗಂಟೆ ಹೊಡೆಯಿತು. ಬೇಡದವನಿಗೆ ಹೊಲಿದ ಬಟ್ಟೆ ನಾಳೆ ಬೆಳಿಗ್ಗೆ ವಾಪಸ್ ಅಂತ ನೀವು ಕಲಿಸಿದ್ದು ತಪ್ಪೇ? ತಪ್ಪಂತೆ. ವಾರದ ಮೇಲೆ ಪತ್ರ ಬಂತು: ‘ತಮ್ಮ ಆಸಕ್ತಿಗೆ ಧನ್ಯವಾದಗಳು. ಈ ಬಾರಿ ತಮ್ಮನ್ನು ಆಯ್ಕೆ ಮಾಡಲಾಗುತ್ತಿಲ್ಲವೆಂದು ವಿಷಾದಿಸುತ್ತೇವೆ.’

ಆ ಪತ್ರ ಎಲ್ಲಿಟ್ಟೆ ಗೊತ್ತೇ? ನಮ್ಮ ‘ವಾಪಸ್ ಮೊಳೆ’ಗೆ ಹಾಕಿದೆ. ಗಿರಾಕಿ ಹಿಂದಕ್ಕೆ ಕೊಟ್ಟ ಬಟ್ಟೆಯನ್ನು ಮೂಲೆಗೆ ತುರುಕಬಾರದು, ಮಿಷನ್ನಿನ ಎದುರಿನ ಮೊಳೆಗೆ ತೂಗುಹಾಕಿ, ಎಲ್ಲಿ ಬಿಗಿ ಎಲ್ಲಿ ಸಡಿಲ ಅಂತ ಚೀಟಿ ಬರೆದು ಗುಂಡುಪಿನ್ನು ಚುಚ್ಚಬೇಕು, ಸರಿಯಾಗುವವರೆಗೆ ಅದು ನಮ್ಮ ಮುಖ ನೋಡುತ್ತಿರಬೇಕು ಅನ್ನುವುದು ನಿಮ್ಮ ಕಾನೂನು. ಹೊಸದಾಗಿ ಬಂದಾಗ ನಾನು ಹೊಲಿದ ಆರು ರವಿಕೆ ಒಟ್ಟಿಗೆ ಆ ಮೊಳೆಯ ಮೇಲೆ ನೇತಾಡುತ್ತಿದ್ದವು. ಊಟಕ್ಕೆ ಕೂತರೂ ಅವೇ ಕಣ್ಣಿಗೆ ಬೀಳುತ್ತಿದ್ದವು. ಅತ್ತೆಯಲ್ಲ ಜೈಲರು ಅಂದುಕೊಂಡಿದ್ದೆ. ಈಗ ಆ ಪತ್ರ ನೇತುಹಾಕಿ ಚೀಟಿ ಬರೆಯಲು ಕೂತರೆ ಬರೆಯಲು ಏನೂ ಇಲ್ಲ. ವಿಷಾದ ಇದೆ, ಧನ್ಯವಾದ ಇದೆ, ಎಲ್ಲಿ ಬಿಗಿಯಾಯಿತು ಅನ್ನುವುದೇ ಇಲ್ಲ.

ಎರಡನೇ ಸಲ ಹೋದೆ. ಈ ಸಲ ಪ್ರಶ್ನೆ ಕೇಳುವುದಿಲ್ಲ, ಭಾಷಣ ಮಾಡುತ್ತೇನೆ ಅಂತ ಹತ್ತು ಪುಟ ಬಾಯಿಪಾಠ ಮಾಡಿದ್ದೆ. ಆರೋಗ್ಯ ಕ್ಷೇತ್ರದ ಬೆಳವಣಿಗೆ, ಮಾರುಕಟ್ಟೆಯ ಮುನ್ನೋಟ, ಬಾಯಿ ತುಂಬ ಬರೀ ಗಾಳಿ. ಮೂರನೇ ಪುಟದಲ್ಲಿ ಕಣ್ಣು ಅಧ್ಯಕ್ಷನ ತೋಳಿನ ಮೇಲೆ ಬಿತ್ತು. ಕೋಟಿನ ಒಳಪದರ ಹೊಲಿಗೆ ಬಿಚ್ಚಿ ಮುಂಗೈಯ ಹತ್ತಿರ ನಾಲಿಗೆಯ ಹಾಗೆ ಹೊರಗೆ ಚಾಚಿತ್ತು. ನೋಡಬಾರದು ನೋಡಬಾರದು ಅಂದುಕೊಂಡೇ ಎದ್ದು ಹೋಗಿ, ಸೆರಗಿಗೆ ಚುಚ್ಚಿಕೊಂಡಿದ್ದ ದಾರದ ಸೂಜಿ ತೆಗೆದು ಹೊಲಿಯಲು ಶುರುಮಾಡಿದೆ. ಭಾಷಣ ಮಾತ್ರ ನಿಲ್ಲಿಸಲಿಲ್ಲ. ನಾಲ್ಕನೇ ಪುಟ ಹೇಳುತ್ತಾ ಗಂಟು ಹಾಕಿ ಹಲ್ಲಿನಿಂದ ದಾರ ಕಡಿದೆ. ಪೆನ್ಸಿಲ್ ಹುಡುಗಿ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಅಧ್ಯಕ್ಷ “ಥ್ಯಾಂಕ್ಸ್ ಆಂಟಿ” ಅಂದ. ಮತ್ತೆ ಅದೇ ಪತ್ರ, ಅಕ್ಷರಕ್ಕೆ ಅಕ್ಷರ ಅದೇ, ತಾರೀಖು ಮಾತ್ರ ಬೇರೆ. ಒಂದೇ ಅಳತೆಯಲ್ಲಿ ಇಬ್ಬರಿಗೆ ಹೊಲಿದಿದ್ದರೆ ನೀವು ಸ್ಕೇಲಿನಲ್ಲಿ ಬೆರಳಿಗೆ ಕೊಡುತ್ತಿದ್ದಿರಿ.

ನಿಮ್ಮ ಮಗ, “ಸಾಕು ಬಿಡೇ, ಮಕ್ಕಳ ಕೈಯಲ್ಲಿ ಇನ್ನೆಷ್ಟು ಸಲ ಬೇಡ ಅನ್ನಿಸ್ಕೋತೀಯ?” ಅಂದರು. ಕ್ಷೌರದವರು ಮೊಳೆಯ ಮೇಲಿನ ಎರಡು ಪತ್ರ ನೋಡಿ, “ಜೋಡಿ ಆಯ್ತಲ್ಲ, ಇನ್ನು ಸಾಕು” ಅಂದರು. ನನ್ನ ಉತ್ತರವನ್ನು ಅಲ್ಲೇ ಕಟ್ಟಿ, ಸೀಮೆಸುಣ್ಣದಲ್ಲಿ ಕತ್ತರಿಸುವ ಮೇಜಿನ ಅಂಚಿಗೆ ಬರೆದಿದ್ದೇನೆ:

ದಾರ ಮೊದಲ ಸಲಕ್ಕೇ ಸೂಜಿಗೆ ಹೊಕ್ಕೀತೆ?
ಹೊಗಲಿಲ್ಲ ಅಂತ ಎದ್ದುಹೋದರೆ ಕೆಲಸ ದಕ್ಕೀತೆ?

ಪ್ರಾಸ ಕೇಳಿ ನೀವು ಮೂಗು ಮುರಿಯುತ್ತೀರಿ, ಮುರಿಯಿರಿ. ಮಂಡಿಗಿಂತ ಅದು ಬೇಗ ಕೂಡಿಕೊಳ್ಳುತ್ತದೆ.

ಮರುದಿನ ಚೀಟಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಸಂಘದ ಕೋಣೆಗೇ ಹೋದೆ. ಅಧ್ಯಕ್ಷ ನನ್ನನ್ನು ನೋಡಿದ ಕೂಡಲೇ ತೋಳು ಹಿಂದಕ್ಕೆ ಎಳೆದುಕೊಂಡ. “ಆಂಟಿ, ಎರಡು ಸಲ ಆಯ್ತಲ್ಲ...” ಅಂದ. “ಅರ್ಜಿ ಎಷ್ಟು ಸಲ ಹಾಕಬಹುದು ಅಂತ ನಿಮ್ಮ ನಿಯಮದಲ್ಲಿ ಎಲ್ಲಿದೆ, ತೋರಿಸಪ್ಪ” ಅಂದೆ. ಹುಡುಕಿದ. ನಿಯಮಪುಸ್ತಕವನ್ನು ಅವನು ತೆರೆದದ್ದು ಅದೇ ಮೊದಲಿರಬೇಕು, ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅಂಥ ನಿಯಮವೇ ಇರಲಿಲ್ಲ. ಆಗ ಮೇಜಿನ ಮೇಲೆ ಚೀಟಿ ಪುಸ್ತಕ ಇಟ್ಟು, “ನಮ್ಮ ಅಂಗಡಿಯಲ್ಲಿ ಕಾರಣ ಇಲ್ಲದೆ ವಾಪಸ್ ತಗೊಳ್ಳಲ್ಲ. ಎಲ್ಲಿ ಬಿಗಿ, ಎಲ್ಲಿ ಸಡಿಲ, ಬರೆದುಕೊಡಿ” ಅಂದೆ. ಕೂತೆ. ಅವರಿಗೆ ಕ್ಲಾಸಿತ್ತು, ನನಗೆ ಅವಸರ ಇರಲಿಲ್ಲ. ಕೊನೆಗೆ ಪೆನ್ಸಿಲ್ ಹುಡುಗಿ ಕೂದಲಿನಿಂದ ಪೆನ್ಸಿಲ್ ಎಳೆದು ಬರೆದಳು. ಚೀಟಿ ಈಗ ಮೊಳೆಯ ಮೇಲಿದೆ, ನೋಡಿ ಬರೆಯುತ್ತಿದ್ದೇನೆ: ‘ಮೊದಲ ಸಲ ನೀವು ನಮ್ಮನ್ನೇ ಪ್ರಶ್ನೆ ಕೇಳಿದಿರಿ, ನಿಮ್ಮ ವಸ್ತುವಿನ ಬಗ್ಗೆ ಹೇಳಲಿಲ್ಲ. ಎರಡನೇ ಸಲ ಎಲ್ಲ ಹೇಳಿದಿರಿ, ಅದನ್ನು ತೊಡುವವರು ಯಾರು ಅಂತ ನಮಗೆ ಕಾಣಿಸಲಿಲ್ಲ.’

ಅತ್ತೆ, ಒಪ್ಪಿಕೊಳ್ಳಲು ಹೊಟ್ಟೆ ಉರಿಯುತ್ತದೆ, ಆದರೆ ಹುಡುಗಿ ಅಳತೆ ಸರಿಯಾಗಿ ಹಿಡಿದಿದ್ದಾಳೆ. ಹತ್ತು ಪುಟದಲ್ಲಿ ನಾನು ಎಲ್ಲರನ್ನೂ ತಂದಿದ್ದೆ, ನಿಮ್ಮನ್ನು ತಂದಿರಲಿಲ್ಲ. ಅಲ್ಲೇ ಮೂರನೇ ಅರ್ಜಿ ತುಂಬಿ ಕೊಟ್ಟೆ. ನಿನ್ನೆ ಕರೆ ಬಂತು, ಈ ಶನಿವಾರ ಹನ್ನೊಂದಕ್ಕೆ ಸಂದರ್ಶನ. ಈ ಸಲವೂ ಬೇಡ ಅಂದರೆ ಇರಲಿ ಅಂತ ನಾಲ್ಕನೇ ಅರ್ಜಿಯ ನಮೂನೆ ಈಗಲೇ ತಂದು ಡ್ರಾಯರಿನಲ್ಲಿಟ್ಟಿದ್ದೇನೆ. ಮೊಳೆ ಗಟ್ಟಿಯಾಗಿದೆ, ಗೋಡೆಯೂ ಗಟ್ಟಿಯಾಗಿದೆ, ಮೂರನೆಯ ಗಟ್ಟಿ ಯಾರು ಅಂತ ಹೇಳಬೇಕಾಗಿಲ್ಲ.

ಇಪ್ಪತ್ತರ ಮಕ್ಕಳು ಒಪ್ಪದಿದ್ದರೆ ಏನಂತೆ?
ನಲವತ್ತೈದರ ಹಟಕ್ಕೆ ಜೋಡಿ ಹೊಲಿಗೆಯಂತೆ.

ನಾದಿನಿಗೆ ನನ್ನ ನೆನಪು ಹೇಳಿ, ಕೆಮ್ಮಿಗೆ ಬಿಸಿನೀರು ಕುಡಿಯಲು ಹೇಳಿ. ಮಾತ್ರೆ ತಪ್ಪಿಸಬೇಡಿ. ನಿಮ್ಮ ಮಗನ ಮತ್ತು ನಿಮ್ಮ ಮಿಷನ್ನಿನ ಪರವಾಗಿಯೂ ನಮಸ್ಕಾರ. ಈ ಸಲ ಎದ್ದು ಕೂತೇ ಆಶೀರ್ವಾದ ಮಾಡಿ.

ನಿಮ್ಮ ಜೈಲಿನ ಹಳೆಯ ಕೈದಿ,
ಸೊಸೆ

ಮರೆತಿದ್ದೆ: ಅರ್ಜಿಯಲ್ಲಿ ‘ನಿಮ್ಮ ಮೊದಲ ಗಿರಾಕಿ ಯಾರು? ಜೊತೆಗೆ ಕರೆತರಬಹುದೇ?’ ಅಂತ ಕೇಳಿದ್ದರು. ನಿಮ್ಮ ಹೆಸರು ಬರೆದು ‘ಹೌದು’ ಅಂದುಬಿಟ್ಟಿದ್ದೇನೆ. ಅಂಗಡಿಯ ಮೆಟ್ಟಿಲಲ್ಲಿ ಗಿರಾಕಿಗಳ ಎದುರು ಬಿದ್ದ ದಿನ ನೀವು, “ಕೋಲು ಹಿಡ್ಕೊಂಡು ಇನ್ನು ಈ ಬೀದಿಗೆ ಬರಲ್ಲ” ಅಂತ ಬೀಗದ ಕೈ ನನ್ನ ಕೈಗಿಟ್ಟು ಮಗಳ ಮನೆಗೆ ಹೋದಿರಿ. ನಾನು ಎರಡು ಸಲ ಬಿದ್ದೆ, ಅದೂ ನೀಲಿ ಕೋಟುಗಳ ಎದುರು. ನಿಮ್ಮದು ಒಂದೇ ಸಲ, ಲೆಕ್ಕಕ್ಕೇ ಬರುವುದಿಲ್ಲ. ಆ ಬೀಗದ ಕೈಯನ್ನೂ ವಾಪಸ್ ಮೊಳೆಗೆ ಹಾಕಿದ್ದೇನೆ, ಅದರ ಚೀಟಿ ಖಾಲಿ ಇದೆ. ಎಲ್ಲಿ ಬಿಗಿ ಅಂತ ನೀವೇ ಬಂದು ಬರೆಯಬೇಕು. ಹೊಸ ಪೈಜಾಮ ಈ ಪತ್ರದ ಜೊತೆಗೇ ಇದೆ, ಮಂಡಿಯ ಹತ್ತಿರ ಅರ್ಧ ಇಂಚು ಹೆಚ್ಚು ಬಿಟ್ಟಿದ್ದೇನೆ. ಶನಿವಾರ ಹತ್ತಕ್ಕೆ ನಿಮ್ಮ ಮಗ ವ್ಯಾನ್ ತರುತ್ತಾರೆ, ಹತ್ತಲು ಅಂಗಡಿಯ ಮೋಟು ಸ್ಟೂಲು ಇರುತ್ತದೆ. ನಿದ್ದೆಯಲ್ಲಿದ್ದರೆ ಹೊದಿಕೆ ಸಮೇತ ಎತ್ತಿಕೊಂಡು ಬರಲು ಹೇಳಿದ್ದೇನೆ. ಅಲ್ಲಿ ಬಂದು ನನ್ನನ್ನು ಹೊಗಳಬೇಡಿ, ಸೊಸೆಯನ್ನು ಹೊಗಳುವ ಅತ್ತೆಯನ್ನು ಯಾರೂ ನಂಬುವುದಿಲ್ಲ. ಆ ಮಕ್ಕಳ ಎದುರು ನಿಂತು, ಕೋಲು ಮೇಜಿಗೆ ಒರಗಿಸಿ, ಎಲ್ಲಿ ಸರಿಯಿಲ್ಲ ಅಂತ ಅಂಗಡಿಯಲ್ಲಿ ಬಯ್ಯುತ್ತಿದ್ದಿರಲ್ಲ, ಹಾಗೇ ಬಯ್ಯಿರಿ.