ಜೊತೆಗೆ ಹೋಗುವವರಿಗೆ ಕೆಲವು ಸೂಚನೆಗಳು

ನಮ್ಮ ಮನೆಯ ಅಳಿಯಂದಿರಿಗೆ, ಮೊದಲು ಆಶೀರ್ವಾದ ಮಾಡಿ ಆಮೇಲೆ ಒಂದಿಷ್ಟು ಜಗಳವಾಡೋಣ ಎಂದು ನಿಮ್ಮ ಮಾವ ಬರೆಯುತ್ತಿರುವ ಪತ್ರ.

ಜಗಳ ಯಾಕೆಂದು ನಿಮಗೆ ಗೊತ್ತು. ಪರದೇಶದಲ್ಲಿ ನಡೆಯುವ ಡಾಕ್ಟರುಗಳ ದೊಡ್ಡ ಸಮ್ಮೇಳನದಲ್ಲಿ ನನ್ನ ಮಗಳು ವೇದಿಕೆ ಹತ್ತಿ ಮಾತಾಡಬೇಕು. ನೀವು ಅವಳ ಜೊತೆ ಹೋಗಬೇಕು. ನೀವು ಸುತರಾಂ ಹೋಗುವುದಿಲ್ಲ ಎನ್ನುತ್ತಿದ್ದೀರಿ. ಮೊನ್ನೆ ಫೋನಿನಲ್ಲಿ ನೀವು ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ. "ಮಾವ, ನಂದು ಟೈಲ್ಸ್ ಅಂಗಡಿ. ಅಲ್ಲಿಗೆ ಬರೋರೆಲ್ಲ ಡಾಕ್ಟ್ರು. ಅವಳ ಚೀಲ ಹೊತ್ಕೊಂಡು ನಾನಲ್ಲಿ ಏನ್ ಮಾಡ್ಲಿ? ಯಾರಾದ್ರೂ ನಿಮ್ಮ ವಿಭಾಗ ಯಾವ್ದು ಅಂತ ಕೇಳಿದ್ರೆ ಬಾತ್‌ರೂಮು ಅನ್ಲಾ?" ಎಂದಿರಿ. ನನಗೆ ನಗು ತಡೆಯಲಾಗಲಿಲ್ಲ. ಮಾವನ ಗತ್ತು ಹೋಗಬಾರದೆಂದು ಕೆಮ್ಮಿದ ಹಾಗೆ ಮಾಡಿ ಸುಧಾರಿಸಿಕೊಂಡೆ.

ಸಮ್ಮೇಳನದವರು ಪ್ರತಿನಿಧಿಗಳಿಗೆಂದು ಕಳಿಸಿದ ಉಪಯುಕ್ತ ಮಾಹಿತಿಯ ಪುಸ್ತಿಕೆಯನ್ನು ಮಗಳು ನನಗೂ ಕಳಿಸಿದ್ದಳು. ಒಂದಕ್ಷರ ಬಿಡದೆ ಓದಿದೆ. ವೀಸಾಕ್ಕೆ ಯಾವ ಕಾಗದ, ವಿಮಾನ ನಿಲ್ದಾಣದಿಂದ ಯಾವ ಬಸ್ಸು, ಗೋಡೆಯ ಪ್ಲಗ್ಗಿಗೆ ಎಂಥ ತೂತು, ನಲ್ಲಿಯ ನೀರು ಕುಡಿಯಬಹುದೋ ಬಾರದೋ, ಎಲ್ಲ ಇದೆ. ನಮ್ಮಂಥವರ ವಿಷಯಕ್ಕೆ ಬಂದರೆ ಒಂದೇ ಒಂದು ಸಾಲು: ಜೊತೆಗೆ ಬರುವವರಿಗೆ ಊರು ಸುತ್ತಿಸುವ ಏರ್ಪಾಡಿದೆ. ಅಂದರೆ ನಮ್ಮನ್ನು ಬಸ್ಸಿಗೆ ಹತ್ತಿಸಿ ದೂರ ಸಾಗಿಸಿಬಿಟ್ಟರೆ ಒಳಗಿನವರು ನೆಮ್ಮದಿಯಾಗಿ ರೋಗಗಳ ಬಗ್ಗೆ ಮಾತಾಡಬಹುದು. ನಿಮ್ಮ ಅತ್ತೆ ಕಿವಿ, ಮೂಗು, ಗಂಟಲಿನ ಡಾಕ್ಟರಾಗಿದ್ದಷ್ಟು ಕಾಲ ಅವಳ ಹಿಂದೆ ಇಂಥ ಸಮ್ಮೇಳನಗಳಿಗೆ ಅಲೆದವನು ನಾನು. ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರನಿಗೂ ಗಂಟಲಿಗೂ ಏನು ಸಂಬಂಧ? ನಿಮ್ಮ ಟೈಲ್ಸಿಗಿರುವಷ್ಟೂ ಇರಲಿಲ್ಲ. ಹಾಗಾಗಿ ಪುಸ್ತಿಕೆಯವರು ಬಿಟ್ಟದ್ದನ್ನು ನಾನು ತುಂಬಿಸುತ್ತೇನೆ, ಕೇಳಿ.

ಮೊದಲನೆಯದು ಔಷಧಿ. ಡಾಕ್ಟರುಗಳು ಪ್ರಯಾಣಕ್ಕೆ ಒಂದು ಮಾತ್ರೆಯನ್ನೂ ಒಯ್ಯುವುದಿಲ್ಲ. ಅಲ್ಲಿ ಅಷ್ಟೊಂದು ಜನ ಡಾಕ್ಟರಿರುತ್ತಾರಲ್ಲ ಎಂಬ ಧೈರ್ಯ. ಉಳಿದ ಡಾಕ್ಟರುಗಳೂ ಇದೇ ಧೈರ್ಯದಿಂದ ಬರಿಗೈಯಲ್ಲಿ ಬಂದಿರುತ್ತಾರೆ. ಒಂದು ಸಲ ಇಡೀ ಸಭಾಭವನದಲ್ಲಿ ತಲೆನೋವಿನ ಮಾತ್ರೆ ಇದ್ದದ್ದು ನನ್ನ ಜೇಬಿನಲ್ಲಿ ಮಾತ್ರ. ತಲೆನೋವಿನ ಗೋಷ್ಠಿಯ ಅಧ್ಯಕ್ಷರೇ ಮೆಲ್ಲಗೆ ಬಂದು ಇಸಿದುಕೊಂಡು ಹೋದರು. ದಿನಕ್ಕೆ ಎಷ್ಟು ನುಂಗಬೇಕೆಂದು ನನ್ನನ್ನು ಬೇರೆ ಕೇಳಿದರು. ಆದ್ದರಿಂದ ಔಷಧಿಯ ಡಬ್ಬಿ ನಿಮ್ಮ ಜವಾಬ್ದಾರಿ.

ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೂಗುವ ಯಂತ್ರದ ಮೇಲೆ ಇಲಾಖೆಯ ಮುದ್ರೆ ಇದೆಯೇ ಎಂದು ಬಗ್ಗಿ ನೋಡಲು ಹೋಗಬೇಡಿ. ನಾನು ಹೋಗಿದ್ದೆ. ಅಭ್ಯಾಸಬಲ. ಹಿಂದೆ ಸಾಲು ಬೆಳೆಯಿತು, ಕೌಂಟರಿನ ಹುಡುಗಿ ಮುಖ ಗಂಟು ಹಾಕಿದಳು, ಪಕ್ಕದಲ್ಲಿ ನಿಮ್ಮ ಅತ್ತೆ ನನ್ನನ್ನು ಗುರುತೇ ಇಲ್ಲದವಳ ಹಾಗೆ ಛಾವಣಿ ನೋಡುತ್ತ ನಿಂತಳು. ಇನ್ನು ಹೋಟೆಲಿನ ಬಚ್ಚಲು. ಅಲ್ಲಿಯ ನಲ್ಲಿಗಳನ್ನು ತಿರುಗಿಸಬೇಕೋ ಎತ್ತಬೇಕೋ ಒತ್ತಬೇಕೋ ಬೇಡಿಕೊಳ್ಳಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ಬಿಸಿನೀರು ಹುಡುಕಲು ಹೋಗಿ ಕೋಟು ಬೂಟು ಸಮೇತ ತಣ್ಣೀರಿನಲ್ಲಿ ತೊಯ್ದು ನಿಂತಿದ್ದೇನೆ. ಈ ವಿಭಾಗದಲ್ಲಿ ನಿಮ್ಮನ್ನು ಮೀರಿಸುವ ತಜ್ಞರು ಆ ಸಮ್ಮೇಳನದಲ್ಲೇ ಇರಲಿಕ್ಕಿಲ್ಲ, ಧೈರ್ಯವಾಗಿರಿ.

ಕೊರಳಿಗೆ ಹಾಕುವ ಪಟ್ಟಿಯ ವಿಷಯ ಸ್ವಲ್ಪ ಸೂಕ್ಷ್ಮ. ಡಾಕ್ಟರುಗಳಿಗೆ ನೀಲಿ, ಜೊತೆಗೆ ಬಂದವರಿಗೆ ಹಳದಿ. ಅಲ್ಲಿ ಯಾರೂ ಮುಖ ನೋಡಿ ಮಾತಾಡಿಸುವುದಿಲ್ಲ. ಮೊದಲು ಎದೆಯ ಮೇಲೆ ತೂಗುವ ಹೆಸರು ಓದುತ್ತಾರೆ, ಆಮೇಲೆ ನಗಬೇಕೋ ಬೇಡವೋ ನಿರ್ಧರಿಸುತ್ತಾರೆ. ಹಳದಿ ಕಂಡೊಡನೆ ಅವರ ಕಣ್ಣು ನಮ್ಮ ಹಿಂದಿರುವ ಯಾರನ್ನೋ ಹುಡುಕತೊಡಗುತ್ತದೆ. ಮೊದಮೊದಲು ನನಗೆ ಪಿತ್ತ ನೆತ್ತಿಗೇರುತ್ತಿತ್ತು. ನಾನು ಕಾಲಿಟ್ಟರೆ ಇಡೀ ಮಾರುಕಟ್ಟೆಯ ತಕ್ಕಡಿಗಳು ನಡುಗುತ್ತಿದ್ದವು, ಇವರ್ಯಾರು ನನ್ನನ್ನು ಲೆಕ್ಕಕ್ಕಿಲ್ಲದವನ ಹಾಗೆ ನೋಡಲು ಎಂದು ಕೊತಕೊತ ಕುದಿಯುತ್ತಿದ್ದೆ. ನಿಮಗೂ ಹಾಗಾಗುತ್ತದೆಂದು ಗೊತ್ತು. ಆದ್ದರಿಂದಲೇ ಒಂದು ಘಟನೆ ಹೇಳಬೇಕು. ಇದನ್ನು ನನ್ನ ಮಗಳಿಗೂ ಪೂರ್ತಿ ಹೇಳಿಲ್ಲ.

ನಾನೂ ನಿಮ್ಮ ಅತ್ತೆಯೂ ಹೋದ ಮೊದಲನೆಯ ಸಮ್ಮೇಳನ ಅದು. ಅವಳ ಮಾತು ಮಧ್ಯಾಹ್ನಕ್ಕಿತ್ತು. ಬೆಳಗ್ಗೆಯಿಂದ ಅವಳ ಗಂಟಲ ಪಸೆ ಆರಿಹೋಗಿತ್ತು. ಊರವರ ಗಂಟಲಿಗೆಲ್ಲ ಇಣುಕಿದವಳಿಗೆ ತನ್ನ ಗಂಟಲೇ ಕೈಕೊಟ್ಟಿತ್ತು. "ನನ್ನ ಮುಂದೆ ಸುಳಿಬೇಡಿ, ಎಲ್ಲಾದ್ರೂ ಹೋಗಿ" ಎಂದಳು. ನಾನು ಕಂಪನಿಗಳು ತಮ್ಮ ಸಾಮಾನು ತೋರಿಸಲು ಮಳಿಗೆ ಹಾಕಿದ್ದ ಕಡೆಗೆ ಹೋದೆ. ಹೊಸ ಬೂಟು ಕಾಲು ಕಚ್ಚುತ್ತಿತ್ತು. ಒಂದು ಮಳಿಗೆಯಲ್ಲಿ ಆಸ್ಪತ್ರೆಯ ಮಂಚವಿತ್ತು. ಎಂಥ ಮಂಚವೆನ್ನುತ್ತೀರಿ! ಗುಂಡಿ ಒತ್ತಿದರೆ ತಲೆ ಏಳುತ್ತದೆ, ಇನ್ನೊಂದು ಒತ್ತಿದರೆ ಕಾಲು ಏಳುತ್ತದೆ. ಮಾರುವವನು ಕಾಫಿಗೆ ಹೋಗಿದ್ದ. ಒಂದು ಗಳಿಗೆ ಬೆನ್ನು ಚಾಚೋಣ ಎಂದು ಮಲಗಿದವನು ಮೈಮರೆತು ಗೊರಕೆ ಹೊಡೆದೆ.

ಎಚ್ಚರವಾದಾಗ ನನ್ನ ಸುತ್ತ ಗುಂಪು ನೆರೆದಿತ್ತು. ಮಂಚದ ಜೊತೆಗೆ ರೋಗಿಯನ್ನೂ ಪ್ರದರ್ಶನಕ್ಕೆ ಇಟ್ಟಿದ್ದಾರೆ ಎಂದುಕೊಂಡಿದ್ದರು ಅವರೆಲ್ಲ. ಡಾಕ್ಟರುಗಳ ಕೈಗೆ ಮಲಗಿದ ಮನುಷ್ಯ ಸಿಕ್ಕರೆ ಬಿಡುತ್ತಾರೆಯೇ? ಹೃದಯದವನು ನಾಡಿ ಹಿಡಿದಿದ್ದ, ಕಣ್ಣಿನವಳು ರೆಪ್ಪೆ ಎತ್ತಿ ದೀಪ ಬಿಡುತ್ತಿದ್ದಳು, ಮೂಳೆಯವನೊಬ್ಬ ಬೂಟು ಬಿಚ್ಚಿ ಹೆಬ್ಬೆರಳು ಬಗ್ಗಿಸುತ್ತಿದ್ದ. ಅಕ್ಕಪಕ್ಕದ ಮಳಿಗೆಯವರೂ ತಮ್ಮ ತಮ್ಮ ರಕ್ತದೊತ್ತಡದ ಯಂತ್ರ ತಂದು ನನ್ನ ತೋಳಿಗೆ ಸುತ್ತಿದರು. ಒಂದೊಂದು ಯಂತ್ರ ಒಂದೊಂದು ಅಂಕಿ ತೋರಿಸಿತು. ನನ್ನೊಳಗಿನ ಇನ್‌ಸ್ಪೆಕ್ಟರಿಗೆ ತಡೆಯಲಾಗಲಿಲ್ಲ. "ಇವುಗಳಲ್ಲಿ ಸರಿ ಯಾವ್ದು? ಮುದ್ರೆ ತೋರ್ಸಿ!" ಎಂದು ಎದ್ದು ಕೂತೆ. ಭಾಷೆ ಅರ್ಥವಾಗದವರು ಕಾಯಿಲೆ ತಲೆಗೆ ಹತ್ತಿದೆ ಎಂದುಕೊಂಡು ತಲೆಯ ಡಾಕ್ಟರನ್ನು ಮುಂದಕ್ಕೆ ತಳ್ಳಿದರು.

ಅಷ್ಟರಲ್ಲಿ ಗುಂಪು ಸೀಳಿಕೊಂಡು ಬಂದವಳು ನಿಮ್ಮ ಅತ್ತೆ. ನನ್ನನ್ನು ನೋಡಿದಳು, ಬರಿಗಾಲು ನೋಡಿದಳು, ತೋಳಿನ ಪಟ್ಟಿಗಳನ್ನು ನೋಡಿದಳು. "ಏನ್ರೀ ಇದು ಅವತಾರ?" ಎಂದವಳೇ ನಗತೊಡಗಿದಳು. ಕೂತು ನಕ್ಕಳು, ನಿಂತು ನಕ್ಕಳು, ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ಆ ನಗುವಿನಲ್ಲಿ ಬೆಳಗ್ಗೆಯಿಂದ ಕಟ್ಟಿಕೊಂಡಿದ್ದ ಗಂಟಲು ಬಿಟ್ಟುಕೊಂಡಿತು. ಮಾತಾಡಲು ಹೊರಡುವಾಗ ನನ್ನ ಕೈ ಹಿಡಿದು, "ನೀವೂ ಒಳಗೆ ಬಂದು ಕೂತ್ಕೊಳ್ಳಿ, ನನಗೆ ಕಾಣೋ ಹಾಗೆ" ಎಂದಳು.

ಹಳದಿ ಪಟ್ಟಿಯವರನ್ನು ಉಪನ್ಯಾಸದ ಕೋಣೆಗೆ ಬಿಡುವುದಿಲ್ಲ. ಬಾಗಿಲಲ್ಲಿ ಒಬ್ಬಾಕೆ ಕಾವಲಿಗೆ ನಿಂತಿರುತ್ತಾಳೆ. ಅವಳ ಹತ್ತಿರ ಸುಳ್ಳು ಹೇಳಬೇಡಿ, ಪಟ್ಟಿ ತಿರುಗಿಸಿ ಹಾಕಿಕೊಂಡು ನುಸುಳಬೇಡಿ. ಮಾತಾಡುವವಳು ನನ್ನ ಹೆಂಡತಿ ಎಂದು ಹೇಳಿ, ಅಷ್ಟೇ. ನಾನು ಹರಕುಮುರುಕು ಇಂಗ್ಲಿಷಿನಲ್ಲಿ ಹಾಗೆ ಹೇಳಿದಾಗ ಆಕೆ ನನ್ನನ್ನೊಮ್ಮೆ ನೋಡಿ ಬಾಗಿಲನ್ನು ತಾನೇ ತೆರೆದಳು.

ಒಳಗೆ ಕೂತಾಗ ನನಗೆ ಒಂದು ಶಬ್ದವೂ ತಿಳಿಯಲಿಲ್ಲ. ಆಮೇಲೆ ನಿಮ್ಮ ಅತ್ತೆ ಹೇಳಿದ್ದನ್ನು ಇಷ್ಟು ವರ್ಷ ಯಾರಿಗೂ ಹೇಳದೆ ನನ್ನಲ್ಲೇ ಇಟ್ಟುಕೊಂಡಿದ್ದೆ, ಈಗ ನಿಮಗೆ ಒಪ್ಪಿಸುತ್ತಿದ್ದೇನೆ. "ಆ ಕೋಣೆಲಿದ್ದೋರೆಲ್ಲ ನಾನೆಲ್ಲಿ ತಪ್ತೀನಿ ಅಂತ ಕಾಯ್ತಾ ಕೂತಿದ್ರು. ನಿಮಗೆ ಮಾತ್ರ ನಾನು ತಪ್ಪಿದ್ರೂ ಗೊತ್ತಾಗ್ತಿರ್ಲಿಲ್ಲ. ನಿಮ್ಮ ಮುಖ ನೋಡ್ಕೊಂಡು ಮಾತಾಡಿದೆ" ಎಂದಳು. ಅಂಥ ಹೊಗಳಿಕೆ ನನಗೆ ಇಲಾಖೆಯಲ್ಲೂ ಸಿಕ್ಕಿರಲಿಲ್ಲ.

ಈಗ ನನ್ನ ಮಗಳ ವಿಷಯ. ಅವಳು ಆಪರೇಷನ್‌ಗೆ ಮುಂಚೆ ಮಕ್ಕಳಿಗೆ ಅರಿವಳಿಕೆ ಕೊಡುವ ಡಾಕ್ಟರು. ರಂಪ ಮಾಡುವ ಎಂಥ ಮಗುವನ್ನೂ ಸಂಭಾಳಿಸುತ್ತಾಳೆ. ಮೈಕಿನ ಮುಂದೆ ನಿಂತರೆ ಮಾತ್ರ ತಾಯಿಯ ಥರವೇ, ಜೀವ ಬಾಯಿಗೆ ಬರುತ್ತದೆ. ಕಳೆದ ಸಲ, ನಿಮ್ಮಿಬ್ಬರ ಮದುವೆಗೆ ಮುಂಚೆ, ಅವಳು ಮಾತಾಡಿದಾಗ ಅವಳ ಕಣ್ಣಿಗೆ ಬೀಳಲೆಂದು ನಾನು ಮೂರನೆಯ ಸಾಲಿನಲ್ಲಿ ಕೂತಿದ್ದೆ. ಇದನ್ನು ಅವಳು ನಿಮಗೆ ಹೇಳಿರಲಾರಳು. ನಿಮ್ಮೆದುರು ಗಟ್ಟಿಗಿತ್ತಿಯಾಗಿರಬೇಕೆಂಬ ಹಟ ಅವಳಿಗೆ. "ಬೇಡ ಬಿಡು, ನಾನೊಬ್ಬಳೇ ಹೋಗ್ತೀನಿ" ಎಂದಳಂತಲ್ಲ? ಅದನ್ನು ನಂಬಬೇಡಿ. ಈ ಸಲ ಅವಳು ಮಾತಾಡುವುದೇನು ಗೊತ್ತೇ? ಮಗುವಿಗೆ ನಿದ್ದೆ ಬರುವವರೆಗೆ ತಾಯಿಯನ್ನೋ ತಂದೆಯನ್ನೋ ಪಕ್ಕದಲ್ಲಿ ಕೂರಿಸಿಕೊಂಡರೆ ಮಗು ಹೆದರುವುದಿಲ್ಲ ಎಂಬುದನ್ನು ಸಾವಿರಾರು ಜನರ ಮುಂದೆ ಸಾಧಿಸಿ ತೋರಿಸುತ್ತಾಳಂತೆ. ಆ ತಾಯಿ ತಂದೆಗೆ ಡಾಕ್ಟರಿಕೆ ಬರುತ್ತದೆಯೇ? ಸುಮ್ಮನೆ ಕೂತಿರುತ್ತಾರೆ. ಇಂಥ ವಿಷಯ ಹೇಳಲು ಹೋಗುವವಳನ್ನು ನೀವು ಒಂಟಿಯಾಗಿ ಕಳಿಸಲು ಹೊರಟಿದ್ದೀರಿ.

ಇನ್ನೊಂದು ಮಾತು, ಬೇಸರಪಡಬೇಡಿ. ನೀವು ಬರುವುದಿಲ್ಲ ಎಂದ ದಿನವೇ ಅವಳು ನನಗೆ ಫೋನು ಮಾಡಿ, "ಅಪ್ಪಾ, ನೀನೇ ಬಾ" ಎಂದಳು. ಜೊತೆಗೆ ಬರುವವರ ಜಾಗಕ್ಕೆ ನನ್ನ ಹೆಸರು ಕೊಟ್ಟೂಬಿಟ್ಟಳು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಟ್ಟದಿಂದ ಪೆಟ್ಟಿಗೆ ಇಳಿಸಿ ಧೂಳು ಒರೆಸುತ್ತಿದ್ದೆ. ನಿಮ್ಮ ಅತ್ತೆ ಬಾಗಿಲಿಗೆ ಒರಗಿ ನೋಡುತ್ತಿದ್ದವಳು, "ರೀ, ಅದನ್ನ ಮೇಲಿಡಿ" ಎಂದಳು. ಯಾಕೆಂದೆ. "ನಾನು ಮೊದ್ಲ ಸಲ ಹೋಗೋವಾಗ ನಮ್ಮಪ್ಪನೂ ಹೊರಟು ನಿಂತಿದ್ರು. ನಾನು ಕರ್ಕೊಂಡು ಹೋಗಿದ್ದು ಯಾರನ್ನ?"

ಸಂಜೆಯವರೆಗೆ ಮುಖ ಊದಿಸಿಕೊಂಡು ಕೂತೆ, ಕಾಫಿಯನ್ನೂ ಬೇಡವೆಂದೆ. ನನಗೆ ಹೋಗಬೇಕೆಂದು ಬಹಳ ಆಸೆಯಿತ್ತು ಅಳಿಯಂದಿರೇ, ನಿಮ್ಮ ಹತ್ತಿರ ಮುಚ್ಚಿಡುವುದೇನು. ಕತ್ತಲಾದ ಮೇಲೆ ಪೆಟ್ಟಿಗೆ ಮೇಲಿಟ್ಟೆ. ಮರುದಿನ ಬೆಳಗ್ಗೆಯೇ ಮಗಳಿಗೆ ತಿಳಿಸದೆ ಸಮ್ಮೇಳನದ ಕಚೇರಿಗೆ ಬರೆದು, ನನ್ನ ಹೆಸರಿದ್ದ ಕಡೆ ನಿಮ್ಮ ಹೆಸರು ಹಾಕಿಸಿದೆ. ಆಗಲಿ ಎಂದು ಅವರ ಉತ್ತರವೂ ಬಂದಿದೆ. ವೀಸಾಕ್ಕೆ ಇನ್ನೂ ಸಮಯವಿದೆ, ಅಂಗಡಿ ನೋಡಿಕೊಳ್ಳಲು ನಾನು ಬರುತ್ತೇನೆ. ಅಳತೆಯಲ್ಲಿ ಮೋಸವಾಗುವುದಿಲ್ಲ, ಅಷ್ಟು ಭರವಸೆ ಕೊಡಬಲ್ಲೆ.

ಜೊತೆಗೆ ಹೊರಟಿರುವುದು ನೀವು ಎಂದು ಅವಳಿಗೆ ನೀವೇ ಹೇಳಿ. ನಾನು ಬರೆದೆನೆಂದು ಹೇಳಬೇಡಿ. ಅಲ್ಲಿಂದ ಫೋನು ಮಾಡಿ ಮಾತು ಚೆನ್ನಾಗಾಯಿತೇ, ಎಷ್ಟು ಜನ ಚಪ್ಪಾಳೆ ತಟ್ಟಿದರು, ಎಲ್ಲ ವಿವರವಾಗಿ ತಿಳಿಸಿ. ವೇದಿಕೆ ಹತ್ತಿದೊಡನೆ ಅವಳು ಮೊದಲು ಯಾರನ್ನು ಹುಡುಕಿದಳು ಎಂಬುದನ್ನು ಮಾತ್ರ ನನಗೆ ಹೇಳಬೇಡಿ. ಅದು ಇನ್ನು ನಿಮ್ಮಿಬ್ಬರದು.

ಹೋಗುವಾಗ ಇಬ್ಬರಾಗಿ ಹೋಗಿ, ಬರುವಾಗ ನಗುತ್ತ ಬನ್ನಿ, ನೂರು ಕಾಲ ಜೊತೆಯಾಗಿ ಬಾಳಿ ಎಂದು ಮನಸಾರೆ ಹರಸುವ,

ನಿಮ್ಮ ಮಾವ